ಮಾಸು ಮಾಸಿದ ದಿನ

ಬಣ್ಣದಕ್ಕ ಎಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರಿಲ್ಲ. ರೋಗಿಗಳ ಮೈಯಿಂದ ತೆಗೆದ ಚೂರನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಬಣ್ಣ ಹಾಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಬೆರಳಿನ ನೀಲಿ ಹೋಗಿಲ್ಲ. ಕೆಲಸ ಕೆಟ್ಟರೆ ಡಾಕ್ಟರನ್ನೂ ಬಿಡದ ಬಾಯಿ. ಗಾಜಿನ ಮೇಲಿರುವುದು ಬರೀ ನಂಬರು. ಯಾರ ಚೂರೆಂದು ಅವಳು ಎಂದೂ ಕೇಳಿದವಳಲ್ಲ.

ಆ ಸೋಮವಾರದ ನಂಬರು ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಅದು ಅವಳ ತಂಗಿಯದು. ಶ್ವಾಸಕೋಶದ ಕ್ಯಾನ್ಸರು ಲಿವರಿಗೂ ಕಾಲಿಟ್ಟಿತ್ತು. ಹೊಸ ಔಷಧಿಯಿದೆ, ಆದರೆ ಚೂರು ಕಂದು ಬಣ್ಣಕ್ಕೆ ತಿರುಗಿದರಷ್ಟೇ ಕೊಡುವುದು ಎಂದಿದ್ದರು ಲ್ಯಾಬಿನ ಡಾಕ್ಟರಮ್ಮ.

ಏಕೆ ಎನ್ನುತ್ತೀರಾ? ರಕ್ತದಲ್ಲಿ ಕಾವಲು ತಿರುಗುವ ಬಿಳಿ ಕಣಗಳು ಹೊರಗಿನವರನ್ನು ಕಂಡರೆ ಬಿಡುವುದಿಲ್ಲ. ಹೊಟ್ಟೆಯೊಳಗಿನ ಕೂಸೋ, ಅರ್ಧ ಅಪ್ಪನ ಕಡೆಯದು! ಅದಕ್ಕೇ ಮಾಸು, ಅಂದರೆ ಹೆರಿಗೆಯಾದ ಮೇಲೆ ಬೀಳುತ್ತದಲ್ಲ ಅದು, ಮೈತುಂಬ ಒಂದು ಗುರುತು ಹೊತ್ತಿರುತ್ತದೆ: ನಮ್ಮವರೇ, ಹೊಡೆಯಬೇಡಿ. ಹಾಳು ಕ್ಯಾನ್ಸರು ಅದೇ ಗುರುತನ್ನು ಕದ್ದು ಹೊತ್ತುಕೊಂಡು, ಕಾವಲಿನವರ ಕಣ್ಣೆದುರೇ ಮೈಯೆಲ್ಲ ಓಡಾಡುತ್ತದೆ. ಹೊಸ ಔಷಧಿ ಆ ಗುರುತನ್ನು ಮುಚ್ಚಿಬಿಡುತ್ತದೆ, ಆಗ ಕಾವಲಿನವರು ಕ್ಯಾನ್ಸರಿನ ಮೇಲೆ ಬೀಳುತ್ತಾರೆ; ಗುರುತೇ ಇಲ್ಲದಿದ್ದರೆ ಔಷಧಿಗೆ ಕೆಲಸವಿಲ್ಲ. ಗಾಜಿನ ಮೇಲೆ ಗುರುತಿದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ.

ತಂಗಿಯ ಚೂರು ಪೂರಾ ನೀಲಿಯಾಗಿ ಬಂತು.

ಡಾಕ್ಟರಮ್ಮ ಸಮಾಧಾನದ ಮಾತು ಹುಡುಕುತ್ತ ವರದಿ ಬರೆಯಲು ಪೆನ್ನು ತೆಗೆದುಕೊಂಡರು. ಒಂದೇ ಒಂದು ಸಲ ನೋಡುತ್ತೇನೆಂದು ಬಣ್ಣದಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಭ್ಯಾಸಬಲದಿಂದ ಕೈ ಗಾಜನ್ನು ಮೂಲೆಗೆ ಸರಿಸಿತು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಿಳಿಯಲು ಪ್ರತಿ ಗಾಜಿನ ಮೂಲೆಯಲ್ಲೂ ಯಾರದೋ ಮಾಸಿನ ಚೂರೊಂದು ಇರುತ್ತದೆ. ಅದು ಕಂದಾಗಲೇಬೇಕು. ನೋಡಿದರೆ ಅದೂ ನೀಲಿ!

"ಪೆನ್ನು ಕೆಳಗಿಡಿ ಡಾಕ್ಟರಮ್ಮ. ಮಾಸೇ ಮಾಸಿದೆ. ಇದು ನನ್ ತಂಗಿ ಹಣೆಬರಹ ಅಲ್ಲ, ನನ್ ಕೈ ತಪ್ಪು."

ತನ್ನ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಹಿಗ್ಗಿದವರನ್ನು ಯಾರೂ ಕಂಡಿರಲಿಕ್ಕಿಲ್ಲ. ಹಳಸಿದ ಬಣ್ಣವನ್ನು ಶಪಿಸುತ್ತ ಹೊಸ ಬಾಟಲಿ ತೆರೆದಳು, ಮತ್ತೆ ಕೊಯ್ದಳು, ಊಟ ಬಿಟ್ಟಳು. ನಾಲ್ಕು ಗಂಟೆಗೆ ಮೂಲೆಯ ಮಾಸು ಕಂದು ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ತಂಗಿಯ ಚೂರೂ ತಿರುಗಿತು!

ಎರಡೆರಡು ಮೆಟ್ಟಿಲು ಹಾರುತ್ತ ವಾರ್ಡಿಗೆ ಓಡಿದಳು. ಏದುಸಿರಲ್ಲೇ ಎಲ್ಲ ಹೇಳಿದಳು. ವಾಸಿಯಾಗೇ ಆಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ, ಆದರೂ ನಾಳೆಯಿಂದಲೇ ಔಷಧಿ ಶುರು. ತಂಗಿ ಅಕ್ಕನ ನೀಲಿ ಬೆರಳು ಹಿಡಿದುಕೊಂಡೇ ಕೇಳಿಸಿಕೊಂಡಳು.

"ಆ ಮಾಸು ಯಾರದಕ್ಕ?"

"ಯಾರಿಗ್ಗೊತ್ತೇ. ಬರೀ ನಂಬರು."

"ಯಾರಾದ್ರೂ ಆಗ್ಲಿ," ಎಂದಳು ತಂಗಿ. "ಆ ತಾಯಿ ಹೊಟ್ಟೆ ತಣ್ಣಗಿರ್ಲಿ."