ಗಫಾರ್ ಸಾಹೇಬರ ಹೆಬ್ಬೆರಳು

ಗಫಾರ್ ಸಾಹೇಬರು ಯಾವ ಚಿತ್ರವನ್ನೂ ಮೊದಲು ಕಣ್ಣಿನಿಂದ ನೋಡಿದವರಲ್ಲ. ಬಲಗೈ ಹೆಬ್ಬೆರಳಿನಿಂದ ನೋಡುತ್ತಿದ್ದರು. ಗರಗಸ ತಗುಲಿ ಉಗುರು ನಡುವೆ ಸೀಳಿದ್ದ ಬೆರಳು ಅದು. ಚಿತ್ರದ ಮೂಲೆಯಲ್ಲಿ, ಮಗುವಿನ ಕೆನ್ನೆ ಸವರಿದ ಹಾಗೆ ಒಂದು ಸಲ ಸವರಿ, ಬೆರಳನ್ನು ಬೆಳಕಿಗೆ ಹಿಡಿಯುತ್ತಿದ್ದರು. ಬಣ್ಣ ಅಂಟಿತ್ತೋ, ಬರೆದವನು ಎಂಥಾ ದೊಡ್ಡ ಮನುಷ್ಯನಾಗಿರಲಿ, "ಇದಿನ್ನೂ ನಿಮ್ಮನ್ನ ಬಿಟ್ಟಿಲ್ಲ ಸ್ವಾಮಿ. ಮನೆಗೆ ತಗೊಂಡ್ಹೋಗಿ, ನಾಲ್ಕು ದಿನ ನಿಮ್ಮ ಹತ್ರಾನೇ ಇರ್ಲಿ" ಎಂದು ವಾಪಸ್ ಕಳಿಸಿಬಿಡುತ್ತಿದ್ದರು. ಬೆರಳು ಚೊಕ್ಕಟವಾಗಿದ್ದರೆ ಮಾತ್ರ ಗೋಡೆಗೆ ಮೊಳೆ.

ನಿನ್ನೆ ನನಗೆ ಆ ಬೆರಳು ಕಣ್ಣಿಗೆ ಕಟ್ಟಿಬಿಟ್ಟಿತು. ನನ್ನ ಮೊಮ್ಮಗಳು ಮಂಜುಳನ ಚಿತ್ರಗಳ ಎಗ್ಜಿಬಿಷನ್ನು! ಇಂದಿರಾನಗರದ ಗ್ಯಾಲರಿಯಲ್ಲಿ, ಬಾಗಿಲಲ್ಲೇ ಅಷ್ಟು ದಪ್ಪ ಅಕ್ಷರದಲ್ಲಿ ಅವಳ ಹೆಸರು. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಆ ಹೆಸರನ್ನ ನಿಂತು ನಿಂತು ಎಷ್ಟು ಸಲ ಓದಿದೆನೋ ದೇವರಿಗೇ ಗೊತ್ತು. ಬಂದವರಿಗೆಲ್ಲ, ಗುರುತಿಲ್ಲದವರಿಗೂ, "ನಮ್ಮ ಹುಡುಗಿ, ನಮ್ಮ ಹುಡುಗಿ" ಅಂತ ಹೇಳಿ ಹೇಳಿ ಗಂಟಲು ಕಟ್ಟಿತು. ನನ್ನ ಹೆಂಡತಿ ಕೆಂಪಮ್ಮ ಮಾತ್ರ ಒಂದು ಚಿತ್ರದ ಹತ್ತಿರ ಹೋದವಳೇ ಮೂಲೆಗೆ ಹೆಬ್ಬೆರಳು ಇಟ್ಟಳು. ಕಾವಲಿನವನು "ಅಜ್ಜಿ, ಮುಟ್ಬಾರ್ದು!" ಎಂದು ಓಡಿಬಂದ. ಮಂಜುಳ ಅವನನ್ನು ತಡೆದು, "ಬಿಡಿ ಅಣ್ಣ, ಅವರು ನೋಡೋದೇ ಹಾಗೆ" ಅಂದಳು. ಕೆಂಪಮ್ಮ ಬೆರಳನ್ನು ದೀಪಕ್ಕೆ ಹಿಡಿದು ನೋಡಿ, ನನ್ನ ಕಡೆ ತಿರುಗಿ, ಸೈ ಅನ್ನುವ ಹಾಗೆ ತಲೆ ಆಡಿಸಿದಳು. ನನಗೆ ಅಳುವೂ ಬಂತು, ನಗುವೂ ಬಂತು. ಮನೆಗೆ ಬಂದವನೇ ಮೊಮ್ಮಗಳ ಹಳೆ ನೋಟುಬುಕ್ಕು ಇಸಕೊಂಡು ಬರೆಯೋಕೆ ಕೂತಿದ್ದೇನೆ. ಸಾಹೇಬರ ವಿಷಯ ನಾನು ಬರೆಯದೆ ಇನ್ಯಾರು ಬರೆಯಬೇಕು?

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಈಗ ಶಿವಾಜಿನಗರ ಅನ್ನುವುದನ್ನು ಆಗ ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಅಲ್ಲಿ ಸಾಹೇಬರದು ಚೌಕಟ್ಟು ಕಟ್ಟುವ ಅಂಗಡಿ. ದೇವರ ಪಟ, ಮದುವೆ ಫೋಟೋ, ಊರಿಗೆ ಕಳಿಸೋಕೆ ಸೋಲ್ಜರುಗಳು ತೆಗೆಸಿದ ಫೋಟೋ, ಎಲ್ಲದಕ್ಕೂ ಅಲ್ಲೇ ಫ್ರೇಮು. ಅಂಗಡಿಯ ಹಿಂದೆ ಒಂದು ಉದ್ದನೆ ಕೋಣೆ. ಯಾವ ಕಾಲದಲ್ಲೋ ಕುದುರೆ ಜೀನು ತುಂಬಿಡುತ್ತಿದ್ದ ಗೋಡೌನಂತೆ, ಮಳೆ ಬಂದರೆ ಚರ್ಮದ ವಾಸನೆ ಏಳುತ್ತಿತ್ತು. ಸಾಹೇಬರು ಅದರ ಸೂರಿನಲ್ಲಿ ನಾಲ್ಕು ಹೆಂಚು ತೆಗೆದು ಗಾಜು ಕೂರಿಸಿ, ಕೆಳಗೆ ಚಿತ್ರಗಳನ್ನು ತೂಗುಹಾಕಿದ್ದರು. ಅದೇ ಅವರ ಗ್ಯಾಲರಿ. ಗ್ಯಾಲರಿ ಅಂದರೆ ನಾವು ನಾಟಕದ ಕಂಪನಿಯಲ್ಲಿ ಶಿಳ್ಳೆ ಹೊಡೆಯೋ ಜಾಗ ಅಂದುಕೊಂಡಿದ್ದವರು!

ಅಲ್ಲಿ ತೂಗುತ್ತಿದ್ದುದು ರಾಜರ ಮನೆ ಚಿತ್ರಗಾರರ ಕೆಲಸ ಅಲ್ಲ. ಬೋರ್ಡು ಬರೆಯುವ ಚಿನ್ನಸ್ವಾಮಿ, ಆಸ್ಪತ್ರೆಯ ಒಬ್ಬ ನರ್ಸಮ್ಮ, ಅಂಚೆ ಹಂಚುವ ಒಬ್ಬರು, ಇಂಥವರು ಬರೆದದ್ದು. ಸಾಹೇಬರು ಅವರನ್ನೆಲ್ಲ "ನಮ್ಮ ಆರ್ಟಿಸ್ಟರು" ಅನ್ನುವಾಗ ಎದೆ ಎರಡು ಬೆರಳು ಮುಂದೆ ಬರುತ್ತಿತ್ತು. ಅಂಗಡಿ ಬಾಗಿಲಲ್ಲಿ ಒಂದು ಕರಿ ಹಲಗೆ. ಆರ್ಟಿಸ್ಟರ ಸುದ್ದಿ ಏನೇ ಇರಲಿ, ಚಿನ್ನಸ್ವಾಮಿ ಕೈಲಿ ಅದರ ಮೇಲೆ ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಬರೆಸುವುದು, ತಾವು ಉರ್ದುವಿನಲ್ಲಿ ಬರೆಯುವುದು. 'ನಮ್ಮ ನರ್ಸಮ್ಮನ ಚಿತ್ರ ಮದ್ರಾಸಿನ ಎಗ್ಜಿಬಿಷನ್ನಿಗೆ ಹೋಯಿತು.' ಹದಿನೈದು ದಿನ ಬಿಟ್ಟು, 'ವಾಪಸ್ ಬಂತು, ದಾರಿಯಲ್ಲಿ ಏನೂ ಮುರಿದಿಲ್ಲ.' ಎರಡಕ್ಕೂ ಬಂದವರ ಬಾಯಿಗೆ ಸಕ್ಕರೆ. ಯಾರೋ ಒಬ್ಬರು ಖುಷಿಯಲ್ಲಿ ಚಿತ್ರಕ್ಕೆ ಹೂವಿನ ಹಾರ ಹಾಕೋಕೆ ಹೋದಾಗ ಸಾಹೇಬರು ಹಾರ ಕಿತ್ತುಕೊಂಡು, "ಅರೆ, ಇದೇನು ಸತ್ತಿದೆಯಾ? ಬರೆದವರ ಕೊರಳಿಗೆ ಹಾಕಿ!" ಎಂದು ಗದರಿದ್ದರು.

ನಂದು ಜಟಕಾ. ಪೆಟ್ರೋಲು ಸಿಗದೆ ಕಾರಿನವರೂ ಜಟಕಾ ಹತ್ತುತ್ತಿದ್ದ ದಿನಗಳು ಅವು, ಪುರುಸೊತ್ತು ಇರುತ್ತಿರಲಿಲ್ಲ. ಆದರೂ ಸಾಹೇಬರ ಚೌಕಟ್ಟುಗಳನ್ನು ಸಾಗಿಸೋದು ನಾನೇ. ಅವರಿಗೆ ನಾನು "ಮುನಿಯಪ್ಪ ಮಿಯಾ". ದಾರಿಯುದ್ದಕ್ಕೂ ಮಾತು. ಒಂದು ಸಲ ಕೇಳಿದೆ, "ಅಲ್ಲ ಸಾಹೇಬ್ರೆ, ಚಿತ್ರ ಬರೆದೋರು ಬೇರೆ, ನಿಮ್ದು ನಾಲ್ಕು ಕಡ್ಡಿ. ಅದಕ್ಯಾಕೆ ಇಷ್ಟು ಒದ್ದಾಟ?"

"ನಾಲ್ಕೇ ಕಡ್ಡಿ ಮಿಯಾ. ಆದ್ರೆ ಆ ನಾಲ್ಕು ಕಡ್ಡಿ ಏನ್ ಹೇಳುತ್ತೆ ಗೊತ್ತಾ? 'ಹೋಗ್ತಾ ಇರೋನೆ, ಒಂದು ನಿಮಿಷ ನಿಲ್ಲು' ಅನ್ನುತ್ತೆ. ಅಷ್ಟೇ ನನ್ನ ಕೆಲಸ."

ಒಂದು ದಿನ ಗಾಡಿಯ ಅಚ್ಚು ಸಡಿಲಾಗಿ, ಸಾಹೇಬರನ್ನು ಕೂರಿಸಿಕೊಂಡೇ ಹಲಸೂರಿನ ನಮ್ಮ ಮನೆಗೆ ಬರಬೇಕಾಯಿತು. ನಾನು ಅಚ್ಚು ಬಿಗಿಯುತ್ತಿದ್ದೆ, ಅವರು ಲಾಯದ ಒಳಗೆ ಹೋದರು. ಎಷ್ಟು ಹೊತ್ತಾದರೂ ಆಚೆ ಬರಲಿಲ್ಲ.

ಲಾಯದ ಗೋಡೆ ಮೇಲೆ ಕೆಂಪಮ್ಮ ಇದ್ದಿಲಲ್ಲಿ ಒಂದು ಕುದುರೆ ಬರೆದಿದ್ದಳು. ಅದರ ಕಥೆ ಹೇಳಬೇಕು. ನಮ್ಮ ಹಳೇ ಕುದುರೆ ಮೋತಿ ಹೊಟ್ಟೆನೋವು ಬಂದು ಸತ್ತುಹೋಯಿತು. ಹೊಸದಾಗಿ ತಂದ ರಾಣಿ ಒಂಟಿಯಾಗಿ ಮೇವು ಮುಟ್ಟಲಿಲ್ಲ. ಹುರುಳಿ ಬೇಯಿಸಿಟ್ಟರೂ ಇಲ್ಲ. ಕೆಂಪಮ್ಮ ಒಲೆಯಿಂದ ಇದ್ದಿಲು ತಂದು, ರಾಣಿ ಪಕ್ಕದ ಗೋಡೆ ಮೇಲೆ ಮೋತಿಯನ್ನು ನಿಜವಾದ ಎತ್ತರಕ್ಕೇ ಬರೆದು ನಿಲ್ಲಿಸಿದಳು, "ಜತೆಗೆ ಇನ್ನೊಂದಿದೆ ಅಂದ್ಕೊಂಡು ತಿನ್ಲಿ" ಅಂತ. ನಾನು ನಕ್ಕೆ. ಮಾರನೇ ದಿನ ರಾಣಿ ತಿಂದಿತು! ಗೋಡೆಗೋ, ಹಸಿವಿಗೋ, ನನಗೆ ಗೊತ್ತಿಲ್ಲ. ಆದರೆ ರಾಣಿ ಬಾಲ ಆಡಿಸಿದಾಗೆಲ್ಲ ಇದ್ದಿಲು ಉದುರುತ್ತಿತ್ತು, ಕೆಂಪಮ್ಮ ವಾರಕ್ಕೊಮ್ಮೆ ತಿದ್ದುತ್ತಿದ್ದಳು.

ಸಾಹೇಬರು ಆಚೆ ಬಂದಾಗ ಹೆಬ್ಬೆರಳು ಕಪ್ಪಗಿತ್ತು. ಆದರೆ ಮನೆಯಲ್ಲೇ ಇರುವ ಗೋಡೆಯನ್ನು ಎಲ್ಲಿಗೆ ಅಂತ ವಾಪಸ್ ಕಳಿಸುತ್ತಾರೆ? ನನ್ನ ಹತ್ತಿರ ಏನೂ ಹೇಳಲಿಲ್ಲ. ಕೆಂಪಮ್ಮನ ಹತ್ತಿರ ಏನೋ ಮಾತಾಡಿದರು. ಹೊರಡುವಾಗ ನನಗೆ, "ಭಾನುವಾರ ನಮ್ಮ ಎಗ್ಜಿಬಿಷನ್ ಶುರು. ಕೊನೇ ಚಿತ್ರ ನಿಮ್ಮ ಲಾಯದಲ್ಲಿ ತೋರಿಸ್ತೀನಿ. ನಾಲ್ಕು ಜಟಕಾ ಗೊತ್ತು ಮಾಡು, ಸಾಯಂಕಾಲ ಎಲ್ಲರೂ ಬರ್ತೀವಿ" ಅಂದರು.

ಗೋಡೆ ಮೇಲಿನ ಇದ್ದಿಲ ಗೀರನ್ನು ಚಿತ್ರ ಅನ್ನುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ನಾನು ನೋಡಿದ್ದ ಚಿತ್ರಕ್ಕೆಲ್ಲ ಗಾಜು ಇರುತ್ತಿತ್ತು, ಅಂಚಿಗೆ ಚಿನ್ನದ ಬಣ್ಣ ಇರುತ್ತಿತ್ತು. ಅಂಥದ್ದು ಯಾವುದನ್ನೋ ಸಾಹೇಬರು ತರುತ್ತಾರೆ, ಕುದುರೆ ಚಿತ್ರ ಇರಬೇಕು, ಅದಕ್ಕೇ ಲಾಯ ಬೇಕು ಅಂದುಕೊಂಡೆ. ಎಂಥೆಂಥವರು ನಮ್ಮ ಮನೆಗೆ ಬರುತ್ತಾರೆ! ಮನೆಗೆ ದೊಡ್ಡವರು ಬಂದರೆ ನಾವು ಏನು ಮಾಡುತ್ತೇವೆ? ಸುಣ್ಣ ಬಳಿಯುತ್ತೇವೆ.

ಭಾನುವಾರ ಊಟ ಮುಗಿಸಿ ಕೆಂಪಮ್ಮ ಕೆರೆ ದಂಡೆಗೆ ಹುಲ್ಲು ಕೊಯ್ಯೋಕೆ ಹೋದಳು. ನಾನು ಸುಣ್ಣಕ್ಕೆ ಚೂರು ನೀಲಿ ಕಲಸಿ, ನಾರಿನ ಕುಂಚ ಹಿಡಿದೆ. ಮೊದಲ ಕೈಗೆ ಮೋತಿ ಇನ್ನೂ ಕಾಣುತ್ತಲೇ ಇತ್ತು. ಎರಡನೇ ಕೈ ಬಳಿದೆ. ಒಂದು ಕಿವಿ ಉಳಿಯಿತು. ಆ ಕಿವಿಗೋಸ್ಕರ ಮೂರನೇ ಕೈಯೂ ಬಳಿದೆ. ಬೆವರು ಒರೆಸಿಕೊಂಡು ನೋಡುತ್ತೇನೆ, ಗೋಡೆ ಹಾಲಿನ ಹಾಗಿದೆ! ನನಗೇ ಹೆಮ್ಮೆ.

ಕೆಂಪಮ್ಮ ಬಂದಳು. ತಲೆ ಮೇಲಿನ ಹುಲ್ಲಿನ ಹೊರೆ ಬಾಗಿಲಲ್ಲೇ ಬಿತ್ತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಎರಡ್ನೇ ಸಲ ಸಾಯಿಸ್ದಲ್ಲಯ್ಯ ಅದನ್ನ" ಅಂದಳು. "ಸಾಬ್ರಣ್ಣ ಇವತ್ತು ತೋರ್ಸೋಕೆ ಬರ್ತಿದ್ದಿದ್ದು ಅದನ್ನೇ."

ಏನಾದರೂ ಹೇಳೋಣ ಅಂದರೆ ಬೀದಿಯಲ್ಲಿ ಗೆಜ್ಜೆ ಸದ್ದು. ನಾಲ್ಕು ಜಟಕಾ ಬಂದು ನಿಂತವು. ಒಬ್ಬ ಡಾಕ್ಟರು, ಒಬ್ಬ ಮೇಮ್‌ಸಾಹೇಬರು, ಇಬ್ಬರು ಸೋಲ್ಜರುಗಳು, ಜತೆಗೆ ಚಿನ್ನಸ್ವಾಮಿ, ನರ್ಸಮ್ಮ, ಎಲ್ಲಾ ಸೇರಿ ಹನ್ನೆರಡು ಜನ. ಸಾಹೇಬರು ಹೆಗಲ ಮೇಲೆ ನಾಲ್ಕು ಉದ್ದನೆ ತೇಗದ ಪಟ್ಟಿ ಹೊತ್ತು, ಮದುವೆ ದಿಬ್ಬಣದ ಯಜಮಾನನ ಹಾಗೆ ಮುಂದೆ ಬಂದರು. ಲಾಯದ ಒಳಗೆ ಕಾಲಿಟ್ಟರು. ಗೋಡೆ ನೋಡಿದರು. ನನ್ನ ಕೈಯ ಕುಂಚ ನೋಡಿದರು. ಕೆಂಪಮ್ಮನ ಮುಖ ನೋಡಿದರು. ಪಟ್ಟಿಗಳನ್ನು ಕೆಳಗಿಟ್ಟು, ಗೋಡೆಗೆ ಹೆಬ್ಬೆರಳು ಸವರಿ ಬೆಳಕಿಗೆ ಹಿಡಿದರು. ಬೆಳ್ಳಗೆ ಒದ್ದೆ.

"ಬೇಟಿ, ಸುಣ್ಣ ಇನ್ನೂ ಹಸಿ ಇದೆ" ಅಂದರು ಮೆಲ್ಲಗೆ. "ಇದ್ದಿಲು ಒಣ ಗೋಡೆ ಮೇಲೆ ನಿಲ್ಲಲ್ಲ. ಹಸಿ ಸುಣ್ಣ ಅದನ್ನ ಕುಡಿದುಬಿಡುತ್ತೆ, ಆಮೇಲೆ ಬಿಡಲ್ಲ. ಹಳೇ ಕಾಲದ ಗೋಡೆ ಚಿತ್ರ ಎಲ್ಲ ಹಾಗೇ. ಒಣಗೋಕೆ ಮುಂಚೆ ಬರೀತೀಯಾ?"

"ಇಷ್ಟು ಜನದ ಮುಂದೆ ನಂಗಾಗಲ್ಲ ಸಾಬ್ರಣ್ಣ."

"ಅಷ್ಟೇನಾ?" ಎಂದವರೇ ಆಚೆ ಬಂದು ಚಪ್ಪಾಳೆ ತಟ್ಟಿದರು. "ಎಲ್ಲರೂ ಆ ಕಡೆ ತಿರುಗಿ! ಡಾಕ್ಟ್ರೇ, ನೀವೂನೂ! ಮೇಮ್‌ಸಾಬ್, ದಟ್ ಸೈಡ್, ಪ್ಲೀಸ್!"

ಹನ್ನೆರಡು ಜನವೂ ಲಾಯಕ್ಕೆ ಬೆನ್ನು ಹಾಕಿ ಬೀದಿ ನೋಡುತ್ತಾ ಸಾಲಾಗಿ ನಿಂತರು. ನಾನು ಕದ್ದು ಕತ್ತು ತಿರುಗಿಸಿದೆ. ಸಾಹೇಬರು ನನ್ನ ಗದ್ದ ಹಿಡಿದು ನೆಟ್ಟಗೆ ಮಾಡಿದರು. "ನೀನಂತೂ ತಿರುಗಲೇಬೇಡ. ಅಳಿಸಿದೋನು ಎಲ್ಲರಿಗಿಂತ ಕೊನೆಗೆ ನೋಡ್ಬೇಕು."

ಬೀದಿಯವರು ಬಂದು ಸೇರಿದರು. ಇಷ್ಟು ಜನ ಒಂದೇ ಕಡೆ ನೋಡುತ್ತಿದ್ದರೆ ಸುಮ್ಮನಿರುತ್ತಾರೆಯೇ? ಅವರೂ ಪಕ್ಕದಲ್ಲಿ ನಿಂತು ಅತ್ತಲೇ ನೋಡತೊಡಗಿದರು. ಎದುರು ಮನೆ ತಿಮ್ಮಕ್ಕ ತಡೆಯಲಾರದೆ ಕೇಳಿದಳು, "ಏನ್ ಸಾಬ್ರೆ, ಗ್ರಹಣನಾ?"

"ಇಲ್ಲಮ್ಮ, ಚಿತ್ರ ನೋಡ್ತಿದೀವಿ."

"ಎಲ್ಲೈತೆ?"

"ಬೆನ್ನ ಹಿಂದೆ."

ತಿಮ್ಮಕ್ಕ ಗದ್ದಕ್ಕೆ ಕೈ ಹಚ್ಚಿದಳು. ಯಾರೂ ಕದಲಲಿಲ್ಲ. ಹಿಂದೆ ಇದ್ದಿಲು ಗೋಡೆಗೆ ಉಜ್ಜುವ ಸದ್ದು, ನಡುನಡುವೆ ಬಳೆ ಸದ್ದು. ಒಂದು ಸಲ ನಿಂತುಹೋಯಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಮರೆತುಬಿಟ್ಟಳೋ, ಅಳುತ್ತಿದ್ದಾಳೋ ಅಂತ ನನ್ನ ಜೀವ ಬಾಯಿಗೆ ಬಂತು. ಸಾಹೇಬರು ಕಣ್ಣು ಮುಚ್ಚಿಕೊಂಡು, ತುಟಿ ಅಲ್ಲಾಡಿಸುತ್ತಾ ನಿಂತಿದ್ದರು. ಮತ್ತೆ ಸದ್ದು ಬಂತು. ಈ ಸಲ ಬಿರುಸಾಗಿ.

"ಹೂಂ, ಆಯ್ತು. ನೋಡ್ಕಳಿ" ಅಂದಳು ಕೆಂಪಮ್ಮ.

ಎಲ್ಲರೂ ತಿರುಗಿದರು. ಮೊದಲು ಮೇಮ್‌ಸಾಹೇಬರು ಕಿಸಕ್ಕೆಂದರು, ಡಾಕ್ಟರು ನಕ್ಕರು, ಬೀದಿಗೆ ಬೀದಿಯೇ ನಕ್ಕಿತು. ನನಗೆ ಮಾತ್ರ ಅಪ್ಪಣೆ ಇಲ್ಲ. ಕೊನೆಗೆ ಸಾಹೇಬರೇ ನನ್ನ ಭುಜ ಹಿಡಿದು ತಿರುಗಿಸಿದರು.

ಮೋತಿ ನಿಂತಿತ್ತು. ಮೊದಲಿಗಿಂತ ಎತ್ತರ, ಕುತ್ತಿಗೆಯಲ್ಲಿ ಆ ಹಳೇ ಬಿಂಕ, ಬೆನ್ನಿಗೆ ಕೆಮ್ಮಣ್ಣಿನ ಬಣ್ಣ. ಅದರ ಹಿಂದೆ ಪಂಚೆ ಎತ್ತಿ ಕಟ್ಟಿದ ಒಬ್ಬ ಪೆದ್ದ, ಕೈಯಲ್ಲಿ ಸುಣ್ಣದ ಬಕೆಟ್ಟು, ಕುಂಚವನ್ನು ಬಾಲಕ್ಕೆ ಒಡ್ಡಿದ್ದಾನೆ. ಮೋತಿ ಹಿಂಗಾಲು ಎತ್ತಿದೆ, ಇನ್ನೇನು ಒದ್ದೇಬಿಡುತ್ತದೆ. ಆ ಪೆದ್ದನ ಮೀಸೆ ನನ್ನದೇ.

ಹಸಿ ಗೋಡೆಗೆ ಮೊಳೆ ಹೊಡೆಯಬಾರದು ಅಂತ ಸಾಹೇಬರು ನಾಲ್ಕು ಪಟ್ಟಿಗಳನ್ನು ನಾಲ್ಕು ಜನರ ಕೈಗೆ ಕೊಟ್ಟರು. ಡಾಕ್ಟರು ಮೇಲಿನ ಪಟ್ಟಿ ಎತ್ತಿ ಹಿಡಿದರು, ಚಿನ್ನಸ್ವಾಮಿ ಕೂತು ಕೆಳಗಿನದನ್ನು ಹಿಡಿದ, ಎರಡು ಪಕ್ಕಕ್ಕೆ ಇಬ್ಬರು ಸೋಲ್ಜರುಗಳು. ಬೀದಿಯವರೆಲ್ಲ ಒಬ್ಬೊಬ್ಬರೇ ಬಂದು ನಿಂತು ನೋಡಿ ಹೋಗುವವರೆಗೂ ಹಿಡಿದೇ ಇದ್ದರು. ಮೇಮ್‌ಸಾಹೇಬರು ಬರೆದವರ ಹೆಸರು ಕೇಳಿದರು. ಕೆಂಪಮ್ಮ ಸೆರಗಿನ ಮರೆಯಿಂದ "ಜಟಕಾ ಮುನಿಯಪ್ಪನ ಹೆಂಡ್ತಿ" ಅಂದಳು.

"ಅದು ಗೋಡೆ ಮೇಲಿರೋ ಪೆದ್ದನ ಹೆಸರು" ಅಂದರು ಸಾಹೇಬರು. "ನಿನ್ನದು ಹೇಳು ಬೇಟಿ."

ಮಾರನೇ ದಿನ ಅಂಗಡಿಯ ಕರಿ ಹಲಗೆ ಮುಂದೆ ಗಾಡಿ ನಿಲ್ಲಿಸಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. 'ಹಲಸೂರಿನ ಕೆಂಪಮ್ಮನವರ ಕುದುರೆ. ನೋಡುವವರು ಜಟಕಾ ಹತ್ತಿ.' ಕೆಂಪಮ್ಮ'ನವರ'! ನಮ್ಮ ಕಡೆಯವರ ಹೆಸರಿಗೆ ಯಾರೂ ಅದನ್ನು ಹಚ್ಚಿರಲಿಲ್ಲ. ಹಿಂದಿನ ಗಾಡಿಯವರು ಬೈಯುತ್ತಿದ್ದರೂ ನಾನು ಕದಲಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಲಾಯ ಹೋಗಿ ಅಲ್ಲೇ ಮನೆ ಕಟ್ಟಿದೆವು. ಆ ಗೋಡೆಯನ್ನು ಮಾತ್ರ ಕೆಡವಲಿಲ್ಲ, ಅದೀಗ ನಮ್ಮ ನಡುಮನೆ ಗೋಡೆ. ಮಂಜುಳ ಮೊದಲು ಎದ್ದು ನಿಂತಿದ್ದು ಮೋತಿಯ ಕಾಲು ಹಿಡಿದುಕೊಂಡು.

ಯುದ್ಧ ಮುಗಿದು ಸೋಲ್ಜರುಗಳು ಹೋದ ಮೇಲೆ ಅಂಗಡಿಗೆ ಮೊದಲಿನ ಕೆಲಸ ಉಳಿಯಲಿಲ್ಲ. ಸಾಹೇಬರ ಕಣ್ಣಿಗೂ ಪೊರೆ ಬಂದಿತ್ತು. ಕೋಲಾರದಲ್ಲಿದ್ದ ಮಗ ಬಂದು ಕರೆದ. ಹೊರಡುವ ದಿನ ನನ್ನನ್ನೇ ಕರೆಸಿದರು. "ಕೃಷ್ಣರಾಜಪುರ ಸ್ಟೇಷನ್ನಿಗೆ ನಡಿ" ಅಂದರು.

"ದಂಡಿನ ಸ್ಟೇಷನ್ ಇಲ್ಲೇ ಇದೆಯಲ್ಲ ಸಾಹೇಬ್ರೆ, ಅಷ್ಟು ದೂರ ಯಾಕೆ?"

"ನಾನು ಅಲ್ಲೇ ಹತ್ತೋದು."

ಅಲ್ಲಿಗೆ ಹೋಗಬೇಕಾದರೆ ದಾರಿಯಲ್ಲಿ ಹಲಸೂರು ಸಿಗುತ್ತದೆ. ಗಾಡಿಯನ್ನು ನಮ್ಮ ಬೀದಿಗೆ ತಿರುಗಿಸಿದೆ. ಕೆಂಪಮ್ಮ ಬಂದು ಕೈ ಹಿಡಿದು ಅವರನ್ನು ಇಳಿಸಿಕೊಂಡಳು. ಗೋಡೆಯ ಹತ್ತಿರ ಬಿಟ್ಟಳು. ಮೋತಿಯ ಬೆನ್ನು ಎಲ್ಲಿದೆ ಅಂತ ಅವರಿಗೆ ಯಾರೂ ತೋರಿಸಬೇಕಾಗಲಿಲ್ಲ. ಹೆಬ್ಬೆರಳು ಇಟ್ಟು, ಕುತ್ತಿಗೆಯಿಂದ ಬಾಲದವರೆಗೂ ಒತ್ತಿ ಸವರಿದರು. ಬೆರಳನ್ನು ಬಾಗಿಲ ಬೆಳಕಿಗೆ ಹಿಡಿದರು. ಕಾಣಲಿಲ್ಲ ಅನ್ನಿಸುತ್ತೆ. ನನ್ನ ಮುಖದ ಹತ್ತಿರ ತಂದರು.

"ಏನಿದೆ ಮಿಯಾ?"

"ಏನೂ ಇಲ್ಲ ಸಾಹೇಬ್ರೆ."

"ಸರಿಯಾಗಿ ನೋಡು."

ನೋಡಿದೆ. ಸೀಳಿದ ಉಗುರು, ಗರಗಸದ ಗಾಯ. ಬಣ್ಣ ಒಂದು ಚೂರೂ ಇಲ್ಲ.

"ಏನೂ ಇಲ್ಲ. ಚೊಕ್ಕಟವಾಗಿದೆ."

"ಹಾಗಾದ್ರೆ ಹೊರಡೋಣ" ಎಂದು ತಾವೇ ತಡಕಿಕೊಂಡು ಗಾಡಿ ಹತ್ತಿದರು.