ಮೀನುಗಳಿಗೆ ಸಾಲಿ ಕಲಿಸಿದ ಟೇಲರ್

ಟೇಲರ್ ಕಾಕಾನ ಬಲಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಮಷೀನಿನ ಮೇಲೆ ಬಗ್ಗಿ ಕಾಲು ತುಳಿಯುವಾಗ ಆ ಎರಡು ಚೂರುಗಳು ಬೇರೆ ಬೇರೆಯಾಗಿ ಅಲ್ಲಾಡುತ್ತಿದ್ದವು. ಕುಪ್ಪಸದ ಅಳತೆ ಕೊಡಲು ಹೋದ ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಏನಾಯಿತೆಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು. ನನ್ನ ನಾದಿನಿಯ ಹತ್ತಿರ, ಕತ್ತೆ ಕಚ್ಚಿತು ಎಂದಿದ್ದ. ಗಂಡಸರು ಕೇಳಿದರೆ, "ಲಗ್ನಾದ ಹೊಸದರಾಗ ನಮ್ಮ ಮನ್ಯಾಕಿ ಕಚ್ಚಿದ್ಲೋ," ಎನ್ನುತ್ತಿದ್ದ. ಒಳಗಿನಿಂದ ಅವನ ಹೆಂಡತಿ ಲಟ್ಟಣಿಗೆ ಬಡಿದು ಸದ್ದು ಮಾಡುತ್ತಿದ್ದಳು.

ಅದು ಮೀನಿನ ಗಾಳಕ್ಕೆ ಸಿಕ್ಕು ಹರಿದ ಕಿವಿ. ಅವನ ಶಿಷ್ಯನೊಬ್ಬ ಮೊದಲ ಸಲ ಗಾಳದ ಕೋಲು ಹಿಡಿದು, ಹಿಂದೆ ಯಾರಿದ್ದಾರೆಂದು ನೋಡದೆ ಬೀಸಿದಾಗ ಆದದ್ದು. ಶಿಷ್ಯ ಹೆದರಿ ಅಳತೊಡಗಿದನಂತೆ. ಕಾಕಾ ತಾನೇ ಕಿವಿ ಹರಿದು ಗಾಳ ಬಿಡಿಸಿಕೊಂಡು, ರಕ್ತ ಒರೆಸುತ್ತ, "ಇನ್ನೊಮ್ಮಿ ಒಗಿ. ಈ ಸಲ ಕೆರಿ ಕಡೆ ಒಗಿ," ಎಂದನಂತೆ. ಕಿವಿಯದನ್ನು ಮಾಫ್ ಮಾಡಿದ. ಅದೇ ಶಿಷ್ಯ ಮುಂದೆ ಮಾಡಿದ್ದನ್ನು ಮಾಫ್ ಮಾಡಲಿಲ್ಲ. ನಾನೂ ಮಾಡಿಲ್ಲ. ಶಿಷ್ಯನ ಹೆಸರು ಬರೆಯುವುದಿಲ್ಲ. ಓದಿದರೆ ಅವನಿಗೆ ತಿಳಿಯುತ್ತದೆ.

ನಮ್ಮದು ಜತ್ ತಾಲೂಕಿನಲ್ಲಿ ಬಿಳೂರ ಕಡೆಯ ಊರು. ಊರ ಹೊರಗೆ ಒಂದು ಕೆರೆ. ಅದರಲ್ಲಿ ಮರಳ ಎಂಬ ಮೀನು. ಹೆಸರು ಮರಾಠಿಯವರದ್ದು, ನಮ್ಮ ಬಾಯಲ್ಲೂ ಅದೇ. ಹಾವಿನಂಥ ತಲೆ, ತೋಳಿನಷ್ಟು ದಪ್ಪ, ಮುಳ್ಳು ಕಡಿಮೆ. ನೀರಿನಲ್ಲಿದ್ದರೂ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗಬೇಕು, ಇಲ್ಲದಿದ್ದರೆ ಸಾಯುತ್ತದೆ. ಆ ಗುಟುಕಿನಿಂದ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ.

ನನ್ನ ಗಂಡ ಸತ್ತ ಮೇಲೆ ಮನೆಯಲ್ಲಿ ಕೂತರೆ ಸೊಸೆಯ ಜೊತೆ ಜಗಳವಾಗುತ್ತಿತ್ತು. ಅದಕ್ಕೆ ಆಡು ಹೊಡೆದುಕೊಂಡು ಕೆರೆಯ ಕಡೆ ಹೋಗುತ್ತಿದ್ದೆ. ಅಲ್ಲಿ ಒಂದು ಸಂಜೆ ಕಾಕಾ ಉದ್ದ ಕೋಲಿನಿಂದ ಏನನ್ನೋ ನೀರಿಗೆ ಬೀಸುವುದು, ಸುತ್ತಿ ಎಳೆಯುವುದು, ಮತ್ತೆ ಬೀಸುವುದು ಮಾಡುತ್ತಿದ್ದ. ನೋಡಿದರೆ ಹಳೆಯ ಹವಾಯಿ ಚಪ್ಪಲಿಯ ತುಂಡು.

"ಏನ್ರಿ ಕಾಕಾ, ಕೆರಿಗೆ ಚಪ್ಪಲಿ ಒಗ್ಯಾಕತ್ತೀರಿ?"

"ಚಪ್ಪಲಿ ನಿನಗ. ಮೀನಿಗೆ ಇದು ಕಪ್ಪಿ. ಸುಮ್ನ ಕುಂದ್ರ, ಸೊಸಿ."

ಕಾಕಾ ನನ್ನ ಮಾವನ ಗೆಳೆಯ. ನನ್ನ ಮದುವೆಯ ಕುಪ್ಪಸ ಹೊಲಿದವನೂ ಅವನೇ. ನನಗೆ ಮೊಮ್ಮಕ್ಕಳಾದ ಮೇಲೂ ನನ್ನನ್ನು ಸೊಸಿ ಎಂದೇ ಕರೆಯುತ್ತಿದ್ದ. ಅವನ ಕಣ್ಣು ಮಂಜಾಗಿತ್ತು. ಮೀನು ಗಾಳಿ ಕುಡಿಯುವುದನ್ನು ದೂರದಿಂದ ನೋಡಲು ಯಾರಾದರೂ ಬೇಕಾಗಿತ್ತು. ನನ್ನ ಕಣ್ಣು ಚಲೋ ಇತ್ತು. ಹೀಗೆ ಶುರುವಾಯಿತು.

ಕಪ್ಪೆ ಮಾಡುವುದನ್ನು ಕಲಿಸಿದ. ಚಪ್ಪಲಿಯ ರಬ್ಬರನ್ನು ಹುಣಸೆಕಾಯಿ ಹೋಳಿನಷ್ಟು ಕೊಯ್ದು, ತಿಕ್ಕಿ, ಬೆನ್ನಿಗೆ ಕಪ್ಪು ಬಣ್ಣ ಹಚ್ಚುವುದು. ಹಿಂದೆ ಕಾಲಿನ ಬದಲು ನನ್ನ ಆಡಿನ ಕೂದಲಿನ ಎರಡು ಕುಚ್ಚು. ಹೊಟ್ಟೆಗೆ ಹಳದಿ ಬಟ್ಟೆಯ ತುಂಡು ಹೊಲಿಯುವುದು. ಎರಡು ಕೊಂಡಿಯ ಗಾಳವನ್ನು ಬೆನ್ನಿಗೆ ಒತ್ತಿ ಕೂರಿಸಬೇಕು. ಆಗ ಜೊಂಡಿನ ಮೇಲೆ ಎಳೆದರೂ ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಎರಡು ಸಲ ಕುಪ್ಪಳಿಸುವಂತೆ ಎಳೆ, ನಿಲ್ಲಿಸು. ಮತ್ತೆ ಎಳೆ. ನಿಂತಾಗಲೇ ಮೀನು ಬಂದು ಬೀಳುತ್ತದೆ, ನೀರಿನಲ್ಲಿ ತೆಂಗಿನಕಾಯಿ ಬಿದ್ದಂತೆ ಸದ್ದು.

"ಕಚ್ಚಿದ ಕೂಡ್ಲೆ ಎಳೀಬ್ಯಾಡ," ಎನ್ನುತ್ತಿದ್ದ. "ಬಾಯಾಗ ಚಂದಂಗ ತಗೊಳ್ಳಲಿ. ನಾ ಬಿಸ್ಮಿಲ್ಲಾ ಪೂರಾ ಹೇಳಿ ಎಳೀತೀನಿ. ನೀ ನಿಮ್ಮ ದೇವರ ಹೆಸರ ಹೇಳಿ ಎಳಿ."

"ನಾ ನಮ್ಮತ್ತಿ ಹೆಸರ ಹೇಳಿ ಎಳೀತೀನ್ರಿ."

"ಆಕಿ ಹೆಸರ ಬ್ಯಾಡ. ದಾರ ಹರೀತೈತಿ."

ಒಳ್ಳೆಯ ಮನುಷ್ಯ ಎಂದು ಮಾತ್ರ ಯಾರೂ ತಿಳಿಯಬಾರದು. ಬಾಯಿಬಡುಕ. ಹಿಡಿದ ಮೀನು ಮೊಣಕೈವರೆಗೆ ಇದ್ದರೆ ಸಂಜೆ ಚಹಾದ ಅಂಗಡಿಯಲ್ಲಿ ಹೆಗಲವರೆಗೆ ಬೆಳೆದಿರುತ್ತಿತ್ತು. ನಾನು ಹಿಡಿದದ್ದನ್ನೂ ತನ್ನದೇ ಎಂದು ಹೇಳುತ್ತಿದ್ದ. ಎದುರಾಡಿದರೆ ಎಂಟು ದಿನ ಮಾತು ಬಿಡುತ್ತಿದ್ದ. ಬೇಡದ ಗಿರಾಕಿಯ ಅಂಗಿಗೆ ಕಂಕುಳಲ್ಲಿ ಬಿಗಿಯಿಟ್ಟು ಹೊಲಿದು ಕಳಿಸುತ್ತಿದ್ದ, ಅವನು ಆಮೇಲೆ ಕೈ ಎತ್ತಿದಾಗಲೆಲ್ಲ ಇವನನ್ನು ನೆನೆಯಬೇಕು.

ಆದರೆ ಒಂದು ಮಾತಿಗೆ ಗಟ್ಟಿ. ಮಳೆಗಾಲದಲ್ಲಿ ಮರಳ ಮರಿ ಹಾಕುತ್ತದೆ. ಮರಿಗಳೆಲ್ಲ ಒಂದೇ ಗುಂಪಾಗಿ ನೀರಿನ ಮೇಲೆ ಬರುತ್ತವೆ, ಕುಂಕುಮ ಚೆಲ್ಲಿದಂತೆ ಕೆಂಪಗೆ ಕಾಣುತ್ತವೆ. ತಂದೆ ತಾಯಿ ಎರಡೂ ಕೆಳಗೆ ಕಾವಲು. ಆ ಗುಂಪಿನ ನಡುವೆ ಏನೇ ಬಿದ್ದರೂ ಅವು ನುಗ್ಗಿ ಕಚ್ಚುತ್ತವೆ. ಗಾಳಕ್ಕೆ ಅಷ್ಟು ಸುಲಭ ಬೇರೆ ಯಾವಾಗಲೂ ಇಲ್ಲ. ಕಾಕಾ ಆಗ ಕೋಲನ್ನು ನೆಲಕ್ಕೆ ಇಡುತ್ತಿದ್ದ.

"ಅದು ಹಸಿದು ಕಚ್ಚಂಗಿಲ್ಲ, ಸೊಸಿ. ಸಿಟ್ಟಿಗೆ ಕಚ್ಚತೈತಿ. ಮಕ್ಕಳ ಸಲುವಾಗಿ ಸಿಟ್ಟಿಗೆದ್ದದ್ದನ್ನ ಹಿಡದು ಉಂಡ್ರ ಗಂಟಲಾಗ ಇಳೀತದೇನ?"

ಶಿಷ್ಯನಿಗೂ ಇದನ್ನೇ ಕಲಿಸಿದ್ದ. ಶಿಷ್ಯ ದೊಡ್ಡವನಾಗಿ ಜತ್‌ನಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ಹಾಕಿದ. ಕಾರ್ಖಾನೆಯ ಕಪ್ಪೆಗಳು, ಹೊಳೆಯುವ ತಗಡಿನ ಮೀನುಗಳು, ರೀಲುಗಳು. ಅದಕ್ಕೆ ಕಾಕಾನ ತಕರಾರು ಇರಲಿಲ್ಲ. "ನನ್ನ ಹುಡುಗ," ಎಂದು ಎದೆಯುಬ್ಬಿಸುತ್ತಿದ್ದ.

ಒಂದು ಮಳೆಗಾಲ ಶಿಷ್ಯ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದ. "ಕಾಕಾ, ಇವ್ರು ಮರಳದ ಮರಿ ಎಂದೂ ನೋಡಿಲ್ರಿ. ನೋಡಿ ಹೋಗ್ತಾರ," ಎಂದ. ನಾನೂ ಇದ್ದೆ. ಕಾಕಾ ಸಂತೋಷದಿಂದ ಜೊಂಡಿನ ಮೂಲೆಗೆ ಕರೆದೊಯ್ದು ಬೊಟ್ಟು ಮಾಡಿ ತೋರಿಸಿದ. ಮರಿಗಳು ಕೆಂಪಗೆ ಕುದಿಯುತ್ತಿದ್ದವು. ಅವನ ಬೊಟ್ಟು ಇನ್ನೂ ಕೆಳಗಿಳಿದಿರಲಿಲ್ಲ, ಶಿಷ್ಯ ಬೀಸಿದ. ಕಪ್ಪೆ ಮರಿಗಳ ನಡುವೆಯೇ ಬಿತ್ತು. ತಾಯಿ ನುಗ್ಗಿತು. ಅದನ್ನು ದಂಡೆಗೆ ಎಳೆದು ಹಾಕಿ ಮತ್ತೆ ಬೀಸಿದ. ಗಂಡೂ ಬಂತು. ಗಿರಾಕಿಗಳು ಮೀನುಗಳನ್ನು ಎದೆಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು.

ಕಾಕಾ, "ಏ, ಏ," ಎಂದು ಎರಡು ಸಲ ಅಂದ, ಅಷ್ಟೇ.

"ಬಿಡ್ರಿ ಕಾಕಾ, ಮೀನ ಮೀನ ಐತಿ. ನೀವು ಇನ್ನ ಹಳೇ ಕಾಲದಾಗ ಅದೀರಿ," ಎಂದು ಶಿಷ್ಯ ಗಿರಾಕಿಗಳ ಮುಂದೆ ನಕ್ಕ. ಅವರೂ ನಕ್ಕರು. ಅವರು ಹೋದ ಮೇಲೆ ನಾವು ಅಲ್ಲೇ ಕೂತೆವು. ಕಾವಲಿಲ್ಲದ ಮರಿಗಳನ್ನು ಚಿಲಾಪಿ ಮೀನುಗಳು ಬಂದು ತಿಂದವು. ಕತ್ತಲಾಗುವ ಮೊದಲೇ ಆ ಕೆಂಪು ಮುಗಿದಿತ್ತು.

"ನಾ ಅವನ ಅಂಗಡಿ ಮುಂದ ನಿಂತು ಬೈದು ಬರ್ತೀನ್ರಿ," ಎಂದೆ.

"ಬೈದ್ರ ಚಾ ಕುಡಸ್ತಾನ. ಅಂವ ಏನ ಮಾರತಾನ ಹೇಳು? ನಮ್ಮ ಕೆರ್ಯಾಗ ಮರಳ ಸಿಗತೈತಿ ಅನ್ನೂ ಆಸೆ ಮಾರತಾನ." ಹರಿದ ಕಿವಿಯನ್ನು ತಿಕ್ಕಿಕೊಂಡ. "ಮೀನಿಗೆ ಸಾಲಿ ಹಚ್ಚೂಣು."

ಅವನ ವಿಚಾರ ಹೀಗಿತ್ತು. ರಬ್ಬರ್ ಕಪ್ಪೆ ಕಚ್ಚಿ, ಗಾಳ ಚುಚ್ಚಿಸಿಕೊಂಡು, ದಂಡೆ ನೋಡಿ, ಮರಳಿ ನೀರಿಗೆ ಹೋದ ಮೀನು ಅದನ್ನು ಬೇಗ ಮರೆಯುವುದಿಲ್ಲ. ಅಂಥ ಕುಪ್ಪಳಿಸುವುದನ್ನು ಕಂಡರೆ ಹತ್ತಿರ ಬಂದು ತಿರುಗಿ ಹೋಗುತ್ತದೆ. ಕೆರೆಯ ಒಂದೊಂದು ಮೀನಿಗೂ ಈ ಪಾಠವಾಗಬೇಕು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ, ಚುಚ್ಚಬೇಕು, ಕೊಲ್ಲಬಾರದು. ಸಾಲಿಗೆಂದು ಒಂದೇ ಕಪ್ಪೆ ಇಟ್ಟ. ಕಪ್ಪು ಬೆನ್ನು, ಹಳದಿ ಹೊಟ್ಟೆ, ಹೊಟ್ಟೆಯ ಮೇಲೆ ಗುರುತಿಗೆ ಕೆಂಪು ದಾರದ ಒಂದು ಟಾಕಿ, ಒಂದೇ ಹೊಲಿಗೆ.

ಚಳಿಗಾಲ ಹೋಯಿತು, ಬೇಸಿಗೆ ಬಂತು. ನಮ್ಮ ಕೆರೆ ಬೇಸಿಗೆಯಲ್ಲಿ ಕುಗ್ಗಿ ಕುಗ್ಗಿ ನಡುವಿನ ಗುಂಡಿಯಷ್ಟೇ ಉಳಿಯುತ್ತದೆ, ಮೀನುಗಳೆಲ್ಲ ಅಲ್ಲೇ ಸೇರುತ್ತವೆ. ನಾನು ಗುಟುಕು ನೋಡಿ ಹೇಳುತ್ತಿದ್ದೆ, ಕಾಕಾ ಬೀಸುತ್ತಿದ್ದ. ಅವನ ಕೈ ನೋಯುತ್ತಿದ್ದರೆ ನಾನು ಬೀಸುತ್ತಿದ್ದೆ. ಹಿಡಿ, ಬೈ, ಬಿಡು. ಕಾಕಾನಿಗೆ ಮರಳದ ಸಾರು ಎಂದರೆ ಜೀವ. ಒಂದೊಂದನ್ನು ಬಿಡುವಾಗ ಅವನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಆದರೆ ಒಂದನ್ನೂ ಮನೆಗೆ ಒಯ್ಯಲಿಲ್ಲ. "ಸತ್ತದ್ದು ಏನ ಕಲೀತೈತಿ?" ಎಂದ. ನನ್ನ ಸೊಸೆ, "ಅತ್ತಿ, ಹಿಡಿದ ಮೀನ ಬಿಟ್ಟು ಬರಿಗೈಲೆ ಬರ್ತೀರಿ, ನಿಮ್ಗೇನ ಹುಚ್ಚ ಹಿಡದೈತೇನ್ರಿ?" ಎಂದಳು. ಹಿಡಿದಿತ್ತು. ನಾನು ಇಲ್ಲ ಎನ್ನಲಿಲ್ಲ.

ಮಳೆ ಮುಗಿದು ಕೆರೆ ತುಂಬಿ ನಿಂತಾಗ ಶಿಷ್ಯ ದೊಡ್ಡ ಸ್ಪರ್ಧೆ ಇಟ್ಟ. ಸಾಂಗ್ಲಿ, ಸೊಲ್ಲಾಪುರ ಕಡೆಯಿಂದ ಜೀಪುಗಳು ಬಂದವು. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಒಬ್ಬೊಬ್ಬರ ಹತ್ತಿರ ಕಪ್ಪೆ ತುಂಬಿದ ಪೆಟ್ಟಿಗೆ. ಶಿಷ್ಯ ಮೈಕು ಹಿಡಿದು, ಈ ಕೆರೆಯಂಥ ಕೆರೆ ಜಿಲ್ಲೆಯಲ್ಲೇ ಇಲ್ಲ, ಇಲ್ಲಿಯ ಮೀನು ನಾನು ಹೇಳಿದಂತೆ ಕೇಳುತ್ತದೆ ಎಂದು ಮರಾಠಿಯಲ್ಲಿ ಭಾಷಣ ಮಾಡಿದ. ಊರೆಲ್ಲ ದಂಡೆಯ ಮೇಲೆ ಕೂತಿತ್ತು. ಕಾಕಾ ಹೊಲಿಗೆಯನ್ನು ಬಂದ್ ಇಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತಿದ್ದ.

ಬೆಳಗಿನಿಂದ ಬೀಸಿದರು. ಮರಳಗಳು ಬಂದವು. ಕಪ್ಪೆಯ ಹಿಂದೆ ನೀರು ಉಬ್ಬುವುದು ನಮಗೂ ಕಾಣುತ್ತಿತ್ತು. ಬಂದು, ನಿಂತು, ಬಾಲ ಬೀಸಿ ತಿರುಗಿ ಹೋಗುತ್ತಿದ್ದವು. ಒಂದೊಂದು ತಿರುಗಿದಾಗಲೂ ಕಾಕಾ ನನ್ನ ಮೊಣಕೈ ತಿವಿಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಒಬ್ಬನಿಗೆ ಬೆರಳುದ್ದದ ಚಿಲಾಪಿ ಸಿಕ್ಕಿತು, ಅದೂ ಬೆನ್ನಿಗೆ ಗಾಳ ತಾಗಿ. ಇನ್ನೊಬ್ಬ ಪಕ್ಕದವನ ಟೋಪಿ ಹಿಡಿದ. ಗಿರಾಕಿಗಳು ಶಿಷ್ಯನನ್ನು ಸುತ್ತುವರಿದು ದನಿಯೇರಿಸಿದರು. ನಿನ್ನ ಫೋಟೋದ ಮೀನು ಯಾವ ಕೆರೆಯದು, ಪೇಟೆಯಿಂದ ತಂದದ್ದೇ ಎಂದು ಕೇಳಿದರು.

ಶಿಷ್ಯ ಕೆಂಪಾಗಿ ನಮ್ಮ ಹತ್ತಿರ ಬಂದ. "ಕಾಕಾ, ಏನಾಗೇತ್ರಿ ಈ ಮೀನಕ್ಕ?"

"ನಂಗೇನ ಗೊತ್ತಪಾ, ಹಳೇ ಕಾಲದಾಂವ ನಾ."

ಆ ಗಿರಾಕಿಗಳು ಮತ್ತೆ ಬರಲಿಲ್ಲ. ಅವನ ಅಂಗಡಿಗೆ ಅವರು ಹೋಗುವುದೂ ನಿಂತಿತು ಎಂದು ಜತ್‌ಗೆ ಹೋಗಿ ಬರುವವರು ಹೇಳಿದರು. ಆ ಸುದ್ದಿ ತಂದವನಿಗೆ ಕಾಕಾ ಪೈಜಾಮ ಪುಕ್ಕಟೆ ಹೊಲಿದುಕೊಟ್ಟ.

ಮರುವರ್ಷ ಕಾಕಾ ಹಾಸಿಗೆ ಹಿಡಿದ. ಊಟ ಸೇರುತ್ತಿರಲಿಲ್ಲ. ಏನು ಬೇಕು ಎಂದು ಕೇಳಿದೆ. ಅವನ ಹೆಂಡತಿ ಆಚೆ ಹೋಗುವವರೆಗೆ ಕಾದು, "ಒಂದ ಮರಳ," ಎಂದ.

ಹೋದೆ. ನನ್ನ ಹತ್ತಿರ ಇದ್ದಬದ್ದ ಕಪ್ಪೆಗಳನ್ನೆಲ್ಲ ಬೀಸಿದೆ. ಹೊಸ ಬಣ್ಣದ್ದು ಮಾಡಿ ಬೀಸಿದೆ. ಬಂದವು, ನಿಂತವು, ತಿರುಗಿದವು. ನನ್ನ ತೋಳು ಎತ್ತಲಾರದಷ್ಟಾಯಿತು. ನೀರಿಗೆ ಕಲ್ಲು ಬೀಸಿ ಬೈದೆ. ಬಂದು ಕಾಕಾನಿಗೆ ಹೇಳಿದರೆ ಹಾಸಿಗೆಯಲ್ಲಿ ಕೆಮ್ಮು ಬರುವಂತೆ ನಕ್ಕ.

"ಚಲೋ ಕಲಿತಾವ ಅನ್ನು!"

"ನಗಬ್ಯಾಡ್ರಿ. ಎರೆಹುಳ ಹಾಕಿ ಹಿಡಿತೀನಿ."

"ಹುಳ ತೋರಿಸಿ ಹಿಡಿಯೂದು ನನ್ನ ಮನ್ಯಾಗ ಬ್ಯಾಡ." ಸಾಯುವಾಗಲೂ ಸೊಕ್ಕು.

ಮರುದಿನ ಎಸ್.ಟಿ. ಬಸ್ಸಿಗೆ ಜತ್‌ಗೆ ಹೋಗಿ ಪೇಟೆಯಲ್ಲಿ ಒಂದು ಮರಳ ತಂದು, ಖಾರ ಹಚ್ಚಿ ಸಾರು ಮಾಡಿ ಒಯ್ದೆ. ಒಂದು ತುತ್ತು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ.

"ಇದು ನಮ್ಮ ಸಾಲೀದಲ್ಲ," ಎಂದ. ಆದರೂ ತಟ್ಟೆ ಬಳಿದು ಉಂಡ. ಅದೇ ವಾರ ಹೋದ. ಬಯಸಿದ್ದು ಅವನ ಬಾಯಿಗೆ ಬರದಂತೆ ಮಾಡಿದವನು ಆ ಶಿಷ್ಯ. ಆ ಮರಿಗಳ ಲೆಕ್ಕದ ಜೊತೆ ನಾನು ಇದನ್ನೂ ಅವನ ಮೇಲೆಯೇ ಹಾಕಿದ್ದೇನೆ.

ಮಣ್ಣಿಗೆ ಶಿಷ್ಯನೂ ಬಂದಿದ್ದ. ಅತ್ತ. ಆಮೇಲೆ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತ.

"ಅಜ್ಜೀ, ಕಾಕಾನ ಕೈಯಿಂದ ಮಾಡಿದ್ದು ಒಂದ ಕಪ್ಪಿ ಕೊಡ್ರಿ. ನೆನಪಿಗೆ. ಅದರಾಗ ಮೀನ ಬೀಳತಾವ, ನನ್ನ ಸಾಮಾನಿಗೆ ಯಾಕೋ ಬೀಳವಲ್ವು."

ಒಳಗೆ ಹೋದೆ. ಕಾಕಾನ ಕಪ್ಪೆಗಳೆಲ್ಲ ನನ್ನ ಹತ್ತಿರವೇ ಇದ್ದವು, ಅವನ ಹೆಂಡತಿ ಕೊಟ್ಟಿದ್ದಳು. ಎಂದೂ ನೀರಿಗೆ ಇಳಿಯದ ಹೊಸವೂ ಇದ್ದವು. ಕಪ್ಪು ಬೆನ್ನಿನ, ಹಳದಿ ಹೊಟ್ಟೆಯ, ಕೆಂಪು ಟಾಕಿ ಇರುವುದನ್ನೇ ಹುಡುಕಿ ತಂದೆ.

"ಇದು ಕಾಕಾ ಭಾಳ ಹಚ್ಚಿಕೊಂಡದ್ದು," ಎಂದೆ. ಸುಳ್ಳಲ್ಲ. ಶಿಷ್ಯ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಸವೆದ ಗಾಳ ತೆಗೆದು ತನ್ನ ಅಂಗಡಿಯ ಹೊಸ ಗಾಳ ಹಾಕಿದ.

ಈಗಲೂ ಬಿಡುವಾದಾಗೆಲ್ಲ ಬರುತ್ತಾನೆ. ಜೊಂಡಿನ ಮೂಲೆಯಲ್ಲಿ ನಿಂತು ಅದನ್ನೇ ಬೀಸುತ್ತಾನೆ. ನಾನು ಆಡು ಬಿಟ್ಟು ದಂಡೆಯ ಮೇಲೆ ಕೂತಿರುತ್ತೇನೆ. "ಇವತ್ತೂ ಇಲ್ರಿ ಅಜ್ಜೀ," ಎನ್ನುತ್ತಾನೆ. "ನಾಳಿಗೆ ಬಾ," ಎನ್ನುತ್ತೇನೆ. ಅವನಿಲ್ಲದ ದಿನ ನಾನು ಅದೇ ಥರದ ಇನ್ನೊಂದನ್ನು ಮಾಡಿಕೊಂಡು ಹೋಗಿ, ಹೊಸದಾಗಿ ಬೆಳೆದ ಮೀನುಗಳಿಗೆ ಪಾಠ ಹೇಳಿ ಬರುತ್ತೇನೆ. ಕಚ್ಚಿದ ಕೂಡಲೇ ಎಳೆಯುವುದಿಲ್ಲ. ಮೊದಲು ಕಾಕಾನ ಹೆಸರು ಪೂರಾ ಹೇಳಿಯೇ ಎಳೆಯುತ್ತೇನೆ.

ಶಿಷ್ಯ ಇದನ್ನು ಓದಿದ ದಿನ ಆ ಕಪ್ಪೆಯನ್ನು ತಿರುವಿ ಹೊಟ್ಟೆಯ ಮೇಲಿನ ಕೆಂಪು ಟಾಕಿಯನ್ನು ನೋಡಲಿ. ನೋಡಿದ ಮೇಲೆ ನನ್ನನ್ನು ಹುಡುಕುವುದಿದ್ದರೆ, ನಾನು ಕೆರೆಯ ದಂಡೆಯ ಮೇಲೆಯೇ ಇರುತ್ತೇನೆ.