ತಲೆ ಬಾಚಿಸಿಕೊಂಡ ಮೌಡಿ

ನಿನಿಯನ್ ಲೇಡ್ಲಾನ ಬಾಯಿಗೂ ಬುದ್ಧಿಗೂ ಒಟ್ಟಿಗೆ ಹೊರಡುವ ಅಭ್ಯಾಸ ಎಂದೂ ಇರಲಿಲ್ಲ. ಬಾಯಿ ಮುಂದೆ ಹೋಗಿ ಎಲ್ಲೋ ಮುಗ್ಗರಿಸಿದ ಮೇಲೆ ಬುದ್ಧಿ ಏದುಸಿರು ಬಿಡುತ್ತ ಬಂದು ಸೇರುತ್ತಿತ್ತು. ಬೇರೆಯವರು ಹೇಳುವ ಮೊದಲೇ ಇದನ್ನು ತಾನೇ ಹೇಳಿಕೊಂಡು ನಗುವಷ್ಟು ಒಳ್ಳೆಯತನ ಅವನಲ್ಲಿತ್ತು. ಆದರೆ ಹೇಳಿಕೊಂಡದ್ದರಿಂದ ಬಾಯಿಯೇನೂ ನಿಧಾನವಾಗಲಿಲ್ಲ.

ಸ್ಕಾಟ್ಲೆಂಡಿನ ದಕ್ಷಿಣದ ಗುಡ್ಡಗಳ ನಡುವೆ ಇರುವ ಹೇರ್‌ಲಾ ಎಂಬ ಊರಿನ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು ಅವನ ಕೆಲಸ. ಒಂಬತ್ತು ಕುಳಿಗಳ ಬಡ ಮೈದಾನ. ಅವನ ಅಪ್ಪನೂ ಅದೇ ಹುಲ್ಲು ಕತ್ತರಿಸಿದವನು. ಯಂತ್ರದ ಹಿಂದೆ ನಡೆದು ನಡೆದು ನಿನಿಯನ್‌ನ ನಡಿಗೆಯೇ ಬದಲಾಗಿತ್ತು. ಮದುವೆ ಮನೆಗೆ ಹೋದರೂ ಈ ಗೋಡೆಯಿಂದ ಆ ಗೋಡೆಗೆ ನೇರ ನಡೆದು, ಅಲ್ಲಿ ತಿರುಗಿ, ಪಕ್ಕದ ಸಾಲು ಹಿಡಿದು ವಾಪಸ್ ಬರುತ್ತಾನೆ ಎಂದು ಹೆಂಡತಿ ಸೆಂಗಾ ಹೇಳುತ್ತಿದ್ದಳು. ಕುಳಿಯ ಸುತ್ತ ಜಮಖಾನೆಯಂತೆ ನುಣ್ಣಗಿರುವ ಹುಲ್ಲಿಗೆ ಗ್ರೀನ್ ಎನ್ನುತ್ತಾರೆ. ಆ ಗ್ರೀನುಗಳೆಂದರೆ ಅವನಿಗೆ ಪ್ರಾಣ. ಮಕ್ಕಳಿಲ್ಲದ ಮನೆಯಲ್ಲಿ ಅವುಗಳ ಕ್ಷೇಮಸಮಾಚಾರವೇ ಊಟದ ಹೊತ್ತಿನ ಮಾತು.

ಅವನ ಮಾವ ಆ ಕಣಿವೆಗೆಲ್ಲ ಹೆಸರಾದ ಮೌಡಿ ಹಿಡಿಯುವವನು. ಮೌಡಿ ಎಂದರೆ ಅಂಗೈಯಷ್ಟು ಉದ್ದದ, ಕಪ್ಪು ಮಖಮಲ್ಲಿನ ಮೈಯ, ನೆಲದೊಳಗೇ ಬಾಳುವ ಜೀವಿ. ಎರೆಹುಳು ಹುಡುಕುತ್ತ ಸುರಂಗ ಕೊರೆದು, ಮಣ್ಣನ್ನು ಮೇಲೆ ತಳ್ಳಿ ಗುಡ್ಡೆ ಹಾಕುತ್ತದೆ. ಹೊಲದಲ್ಲಿ ಹಾಕಿದರೆ ರೈತ ಗೊಣಗಿ ಸುಮ್ಮನಾಗುತ್ತಾನೆ. ಗ್ರೀನಿನ ಮೇಲೆ ಹಾಕಿದರೆ ಊರಿನ ಮಾನವೇ ಹೋಗುತ್ತದೆ. ಮುದುಕನಿಗೆ ವಯಸ್ಸಾದಾಗ ಬೋನುಗಳೂ ವಿದ್ಯೆಯೂ ತನಗೇ ಬರುತ್ತವೆ ಎಂದು ನಿನಿಯನ್ ಆಸೆಪಟ್ಟಿದ್ದ. ಮುದುಕ ಅವೆರಡನ್ನೂ ಕಿರಿಮಗಳು ಎಪ್ಪಿಗೆ ಕೊಟ್ಟು ಕಣ್ಣುಮುಚ್ಚಿದ. ನಿನಿಯನ್‌ಗೆ ಸಿಕ್ಕಿದ್ದು ಮಾವನ ಒಂದು ಜೊತೆ ರಬ್ಬರ್ ಬೂಟು, ಅದೂ ಒಂದು ಸೈಜು ಚಿಕ್ಕದು.

ಆ ಹೊಟ್ಟೆಕಿಚ್ಚು ಒಳಗೇ ಕುದಿಯುತ್ತಿತ್ತು. ಕ್ಲಬ್ಬಿನ ಚಳಿಗಾಲದ ಊಟದ ದಿನ, ಎರಡು ಗ್ಲಾಸ್ ವಿಸ್ಕಿ ಒಳಗಿಳಿದ ಮೇಲೆ, ಯಾರೋ ಎಪ್ಪಿಯನ್ನು ಹೊಗಳಿದರು. ಬಾಯಿ ಹೊರಟೇಬಿಟ್ಟಿತು.

"ಗಾಲ್ಫ್ ಮೈದಾನ ಅಂದ್ರೆ ಆಲೂಗಡ್ಡೆ ಹೊಲ ಅಲ್ಲ. ನನ್ನ ಗ್ರೀನಿಗೆ ಎಪ್ಪೀನ ಕರೆಸೋ ಗತಿ ಬಂದ ದಿನ, ಸೆಂಗಾಳ ಏಪ್ರನ್ ಕಟ್ಕೊಂಡು ಇದೇ ಕ್ಲಬ್ಬಲ್ಲಿ ನಿಮಗೆಲ್ಲ ಸೂಪು ಬಡಿಸ್ತೀನಿ. ಬರೆದಿಟ್ಕೊಳ್ಳಿ."

ಎಲ್ಲರೂ ಮೇಜು ಕುಟ್ಟಿ ನಕ್ಕರು. ಎಪ್ಪಿಯೂ ನಕ್ಕಳು.

"ಬರೆದಿಡೋದು ಯಾಕೆ ಭಾವ," ಎಂದಳು. "ನೆನಪಿರುತ್ತೆ."

ಏಪ್ರಿಲ್‌ನಲ್ಲಿ ಆರನೇ ಗ್ರೀನಿನ ಅಂಚಿಗೆ ಕರಿಮಣ್ಣಿನ ಗುಡ್ಡೆ ಎದ್ದಿತು. ಮರುದಿನ ಇನ್ನೊಂದು, ಕುಳಿಗೆ ಮತ್ತಷ್ಟು ಹತ್ತಿರ. ನಿನಿಯನ್ ಅದರ ಮುಂದೆ ಟೋಪಿ ತೆಗೆದು ನಿಂತ, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ.

ಕ್ಲಬ್ಬಿನ ಕ್ಯಾಪ್ಟನ್ ಕ್ರೈಟನ್ ಮೇಷ್ಟ್ರು ಊಟದ ಹೊತ್ತಿಗೆಲ್ಲ ಬಂದು ನೋಡಿದರು. ಊರ ಶಾಲೆಯಲ್ಲಿ ನಿನಿಯನ್‌ಗೆ ಮಗ್ಗಿ ಕಲಿಸಲು ಹೋಗಿ ಸೋತಿದ್ದವರು ಅವರೇ.

"ಶನಿವಾರ ಪಕ್ಕದೂರು ಕಿರ್ಕ್‌ಬ್ರೇಯವರು ಪಂದ್ಯದ ಕಪ್ಪಿಗೆ ಆಡೋಕೆ ಬರ್ತಾರೆ, ಗೊತ್ತಲ್ಲ," ಎಂದರು. "ಪಟ್ಟಣದ ಕಂಪನಿಯೊಂದು ಮೈದಾನ ನಮಗೆ ವಹಿಸಿ ಅಂತ ವರ್ಷದಿಂದ ಕೇಳ್ತಿದೆ. ಕಮಿಟಿಯವರನ್ನ ನಾನೇ ತಡೆದಿಟ್ಟಿದ್ದೀನಿ. ಶನಿವಾರ ಇಲ್ಲಿ ಮಣ್ಣು ಕಂಡ್ರೆ ನಿನ್ನ ಕೆಲಸ ಉಳಿಸೋದು ನನ್ನ ಕೈಲಿಲ್ಲ."

"ಮಣ್ಣು ಕಾಣಲ್ಲ ಮೇಷ್ಟ್ರೇ."

"ಎಪ್ಪೀನ ಕರೆಸ್ತೀಯಾ?"

"ಅವಳು ಯಾಕೆ? ನನಗೇನು ಕೈಯಿಲ್ವಾ?"

ಕೈಯಿತ್ತು. ಆ ಕೈಯಿಂದ ಅವನು ಸುರಂಗಕ್ಕೆ ಬೆಳ್ಳುಳ್ಳಿ ತುರುಕಿದ. ಸೆಂಗಾಳ ಬೀರುವಿನಿಂದ ನುಸಿಗುಳಿಗೆ ಕದ್ದು ಹಾಕಿದ. ಸದ್ದಿಗೆ ಮೌಡಿ ಓಡುತ್ತದೆ ಎಂದು ಯಾರೋ ಹೇಳಿದರೆಂದು ಸಣ್ಣ ರೇಡಿಯೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೂತ. ಮೌಡಿ ಫುಟ್‌ಬಾಲ್ ಕಾಮೆಂಟರಿಯನ್ನು ಪೂರ್ತಿ ಕೇಳಿ, ಸಂತೋಷಕ್ಕೋ ಏನೋ, ಹೊಸದೊಂದು ಗುಡ್ಡೆ ಎಬ್ಬಿಸಿತು. ಕೊನೆಗೆ ಅಂಗಡಿಯಿಂದ ಬೋನು ತಂದು ಗುಡ್ಡೆಯ ನೆತ್ತಿಗೇ ಇಟ್ಟ. ಅದರಲ್ಲಿ ಸಿಕ್ಕಿಬಿದ್ದದ್ದು ಒಂದೇ ಒಂದು, ಅವನದೇ ಹೆಬ್ಬೆರಳು.

"ಎಪ್ಪಿಗೆ ಒಂದು ಮಾತು ಹೇಳು," ಎಂದಳು ಸೆಂಗಾ, ಬೆರಳಿಗೆ ಬಟ್ಟೆ ಸುತ್ತುತ್ತ. "ಸೂಪು ಬಡಿಸಿದ್ರೆ ಸವೆದು ಹೋಗ್ತೀಯಾ? ನಾನು ಇಪ್ಪತ್ತು ವರ್ಷದಿಂದ ಕ್ಲಬ್ಬಲ್ಲಿ ಬಡಿಸ್ತಿದ್ದೀನಿ."

"ನೀನು ಬೇರೆ, ನಾನು ಬೇರೆ."

"ಹೌದು, ನಾನು ಚೆಲ್ಲಲ್ಲ."

ಶುಕ್ರವಾರ ಮಧ್ಯಾಹ್ನ ಅವನು ರೈತ ಪ್ರಿಂಗಲ್‌ನ ಹೊಲದ ಬದಿಯಲ್ಲಿ ನಡೆದು ಬರುತ್ತಿದ್ದ. ಬೇಲಿಯ ಮುಳ್ಳುತಂತಿಗೆ ಮೌಡಿಗಳು ಸಾಲಾಗಿ ಮೂಗಿನಿಂದ ನೇತಾಡುತ್ತಿದ್ದವು. ಹಿಡಿದದ್ದನ್ನು ಹೀಗೆ ತೂಗುಹಾಕುವುದು ಅಲ್ಲಿಯ ಪದ್ಧತಿ. ಕೆಲಸ ಆಗಿದೆ ಎಂದು ಜಮೀನಿನವನಿಗೆ ಅದೇ ರುಜುವಾತು. ಇವು ಎಪ್ಪಿಯ ಕೈಯವು. ನಿನಿಯನ್ ನಿಂತ. ಮೌಡಿ ಒಂಟಿ ಜೀವಿ, ಒಂದು ಜಾಗಕ್ಕೆ ಒಂದೇ. ಒಂದು ಸತ್ತದ್ದನ್ನು ತೋರಿಸಿದರೆ ಮೇಷ್ಟ್ರು ನಿಶ್ಚಿಂತೆಯಿಂದ ಮಲಗುತ್ತಾರೆ. ಇವತ್ತಿನ ಮಣ್ಣು ಗುಡಿಸಿ ಮರಳು ಉದುರಿಸಿದರೆ ಶನಿವಾರ ಹೇಗೋ ದಾಟುತ್ತದೆ. ಅತ್ತ ಇತ್ತ ನೋಡಿ, ಕೊನೆಯದನ್ನು ಬಿಡಿಸಿ ಜೇಬಿಗಿಳಿಸಿದ. ಜೀವಮಾನದಲ್ಲಿ ಮಾಡಿದ ಮೊದಲ ಕಳ್ಳತನ, ಅದೂ ಒಂದು ಹೆಣ. ಇದಕ್ಕಿಂತ ಕೆಳಗಿಳಿಯಲು ಮೌಡಿಗೇ ಸಾಧ್ಯ ಎಂದು ಅವನಿಗೇ ಅನ್ನಿಸಿತು.

ಗಾಳಿಗೆ ಅದು ಒಣಗಿ ಹಳೇ ಕೈಚೀಲದಂತೆ ಸೆಟೆದಿತ್ತು. ಈಗಷ್ಟೇ ಸತ್ತದ್ದರಂತೆ ಕಾಣಬೇಕಲ್ಲ. ನಿನಿಯನ್ ಅದನ್ನು ಪಾತ್ರೆ ತೊಳೆಯುವ ತೊಟ್ಟಿಯ ಬಿಸಿನೀರಲ್ಲಿ ನೆನೆಹಾಕಿ, ಶಾಂಪೂ ಹಚ್ಚಿ, ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದು, ನಿಧಾನವಾಗಿ ಬಾಚುತ್ತಿರುವಾಗ ಸೆಂಗಾ ಒಳಗೆ ಬಂದಳು.

"ಅದು ನನ್ನ ಬಾಚಣಿಗೆ," ಎಂದಳು.

"ಹೊಸದು ತಂದ್ಕೊಡ್ತೀನಿ."

"ಬೈತಲೆ ಎಡಕ್ಕೆ ತೆಗಿ. ಅದರ ಮುಖಕ್ಕೆ ಒಪ್ಪುತ್ತೆ." ಹಾಗೆಂದು ಬಾಗಿಲು ಹಾಕಿಕೊಂಡು ಹೋದಳು.

ಸಂಜೆಯೊಳಗೆ ಆರನೇ ಗ್ರೀನಿನ ಪಕ್ಕದ ಬೇಲಿಯಲ್ಲಿ ಒಂದು ಮೌಡಿ ಫಳಫಳ ಹೊಳೆಯುತ್ತ ನೇತಾಡಿತು. ಮೇಷ್ಟ್ರು ಬಂದು ನಿನಿಯನ್‌ನ ಬೆನ್ನು ತಟ್ಟಿದರು. ಮಗ್ಗಿಯ ಕಾಲದಿಂದ ಅವನು ಕಾಯುತ್ತಿದ್ದ ಶಹಬ್ಬಾಸ್ ಅದು. ಬಂದಾಗ ಅವನು ಮೌಡಿಯ ಮುಖ ತಪ್ಪಿಸಿ ಬೇಲಿಯಾಚೆ ನೋಡಿದ.

ಸುದ್ದಿ ಕೇಳಿ ಎಪ್ಪಿಯೂ ಬಂದಳು. ಬೇಲಿಗೆ ಬಗ್ಗಿ ಒಮ್ಮೆ ಮೂಸಿದಳು.

"ಚೆನ್ನಾಗಿ ಹಿಡಿದಿದ್ದಾನೆ, ಅಲ್ವಾ?" ಎಂದರು ಮೇಷ್ಟ್ರು.

"ತುಂಬಾ ಚೆನ್ನಾಗಿ," ಎಂದಳು ಎಪ್ಪಿ. ಮೇಷ್ಟ್ರು ಅತ್ತ ಹೋದ ಮೇಲೆ ಭಾವನ ಕಡೆ ತಿರುಗಿದಳು. "ನಾನು ಹಿಡಿಯೋ ಮೌಡಿಗಳು ಮಣ್ಣು ನಾರುತ್ವೆ ಭಾವ. ನಿಮ್ಮದು ಗುಲಾಬಿ ಶಾಂಪೂ ಹಾಕ್ಕೊಳ್ಳುತ್ತೆ. ನಮ್ಮಕ್ಕ ಹಾಕ್ಕೊಳ್ಳೋದೂ ಅದೇ."

ನಿನಿಯನ್ ಅಡ್ಡ ಬಂದು ಬೇಲಿಗೆ ಬೆನ್ನು ಕೊಟ್ಟು ನಿಂತ.

"ನಿಮ್ಮ ಮೌಡಿ ಇನ್ನೂ ಕೆಳಗೇ ಇದೆ. ಹಿಡ್ಕೊಡು ಅಂತ ಒಂದು ಮಾತು ಕೇಳಿ, ಈಗ್ಲೇ ಬೋನು ಇಡ್ತೀನಿ. ಯಾರಿಗೂ ಹೇಳಲ್ಲ."

ಕೇಳಬೇಕಾಗಿದ್ದದ್ದು ಒಂದೇ ಮಾತು. ಬೇಡದಾಗ ಓಡುವ ಬಾಯಿ ಬೇಕಾದಾಗ ಹೊರಡಲಿಲ್ಲ. "ನೋಡೋಣ," ಎಂದ. ಎಪ್ಪಿ ತಲೆಯಾಡಿಸಿ ಹೊರಟುಹೋದಳು.

ಶನಿವಾರ ಗ್ರೀನ್ ಬೆಣ್ಣೆಯಂತಿತ್ತು. ಆದರೂ ನಿನಿಯನ್ ಅಲ್ಲಿಂದ ಕದಲಲಿಲ್ಲ. ಕುಳಿಯ ಬಾವುಟ ಹಿಡಿದು ಸೇವೆ ಮಾಡುವವನಂತೆ ನಿಂತೇ ಇದ್ದ. ಆಟ ಸರಿಸಮವಾಗಿ ಸಾಗಿ, ಕೊನೆಯ ಜೋಡಿ ಆರನೇ ಗ್ರೀನಿಗೆ ಬಂದಿತು. ಹಿಂದೆಯೇ ಎರಡೂರಿನ ಜನ. ಕಿರ್ಕ್‌ಬ್ರೇಯ ಎತ್ತರದ ಆಟಗಾರನೊಬ್ಬ ಚೆಂಡಿನ ಮುಂದೆ ಬಗ್ಗಿದ. ಅದೇ ಹೊತ್ತಿಗೆ ನಿನಿಯನ್‌ನ ಬಲಗಾಲಿನ ಬೂಟಿನ ಕೆಳಗೆ ನೆಲ ಮೆಲ್ಲನೆ ಮಿಸುಕಿತು.

ಅವನು ಭಾರ ಹಾಕಿ ಒತ್ತಿದ. ಕೆಳಗಿನದು ಒಂದು ಕ್ಷಣ ಸುಮ್ಮನಿದ್ದು, ಎಡಗಾಲಿನ ಕಡೆಗೆ ಹೋಯಿತು. ಅವನು ಎಡಗಾಲು ಊರಿದ. ಅದು ಮತ್ತೆ ಬಲಕ್ಕೆ ಬಂತು. ದೂರದಿಂದ ನೋಡಿದವರಿಗೆ ನಿನಿಯನ್ ಬಾವುಟ ಹಿಡಿದುಕೊಂಡು ಕುಣಿಯುತ್ತಿರುವಂತೆ ಕಾಣಿಸಿತು.

"ಸ್ವಾಮಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದ ಎತ್ತರದವನು. "ನನ್ನ ಚೆಂಡಿನ ದಾರೀಲಿ ನಿಂತಿದ್ದೀರಿ."

"ಇಲ್ಲೇ ಚೆನ್ನಾಗಿದೆ," ಎಂದ ನಿನಿಯನ್.

"ನಿನಿಯನ್," ಎಂದರು ಮೇಷ್ಟ್ರು, ಶಾಲೆಯ ದನಿಯಲ್ಲಿ. ಆ ದನಿಗೆ ಅವನ ಕಾಲು ತಾನಾಗಿ ಸರಿಯಿತು.

ಹುಲ್ಲು ಉಬ್ಬಿ, ಬಿರಿದು, ಕರಿಮಣ್ಣು ಪಾಯಸದಂತೆ ಉಕ್ಕಿತು. ಎಲ್ಲರೂ ಗುಡ್ಡೆ ನೋಡಿದರು. ಆಮೇಲೆ ಬೇಲಿಯ ಮೇಲೆ ಎಡಕ್ಕೆ ಬೈತಲೆ ತೆಗೆದುಕೊಂಡು ನೇತಾಡುತ್ತಿದ್ದ ಮೌಡಿಯನ್ನು ನೋಡಿದರು. ಆಮೇಲೆ ನಿನಿಯನ್‌ನನ್ನು. ಎತ್ತರದವನು ಆಟದ ನಿಯಮ ಕೊಡುವ ಅನುಕೂಲದಂತೆ ಚೆಂಡನ್ನೆತ್ತಿ ಗುಡ್ಡೆ ಅಡ್ಡವಿಲ್ಲದ ಕಡೆ ಇಟ್ಟು, ಒಂದೇ ಏಟಿಗೆ ಕುಳಿಗೆ ಹಾಕಿದ. ಆ ಒಂದು ಏಟಿನ ಅಂತರದಲ್ಲೇ ಪಂದ್ಯದ ಕಪ್ಪು ಕಿರ್ಕ್‌ಬ್ರೇಗೆ ಹೋಯಿತು.

ಆದರೆ ಅದಕ್ಕೂ ಮೊದಲು, ಅಲ್ಲೇ, ಎರಡೂರಿನ ಜನರ ಮುಂದೆ ನಿನಿಯನ್ ಟೋಪಿ ತೆಗೆದ. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಕೆಲಸ ಹೋದದ್ದು ಖಾತ್ರಿಯಾಗಿತ್ತು. ಎದೆ ಮಾತ್ರ ವಿಚಿತ್ರವಾಗಿ ಹಗುರಾಗಿತ್ತು.

"ಅದು ಪ್ರಿಂಗಲ್ ಬೇಲಿಯಿಂದ ಕದ್ದದ್ದು ಮೇಷ್ಟ್ರೇ. ತೊಳೆದು ಬಾಚಿದ್ದಷ್ಟೇ ನಾನು. ಎಪ್ಪಿ, ನನ್ನ ಕೈಲಾಗಲ್ಲ. ಬಂದು ಹಿಡ್ಕೊಡಮ್ಮ."

ಕ್ಲಬ್ಬಿನ ಅಡುಗೆಮನೆಯಿಂದ ಆಟ ನೋಡಲು ಬಂದಿದ್ದ ಸೆಂಗಾ ಏಪ್ರನ್ ಬಿಚ್ಚಿ ಅವನ ಕೈಗಿತ್ತಳು. ಅಂಚಿಗೆ ನೇರಳೆ ಹೂವುಗಳಿದ್ದ ಏಪ್ರನ್. ಕ್ಲಬ್ಬಿನಲ್ಲಿ ಅವನು ಬಾರ್ಲಿ ಸೂಪನ್ನು ಈ ಗೋಡೆಯಿಂದ ಆ ಗೋಡೆಗೆ ನೇರ ಸಾಲಿನಲ್ಲಿ ಬಡಿಸುತ್ತ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ಬಂದ. ಗೆದ್ದ ಕಿರ್ಕ್‌ಬ್ರೇಯವರು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು, ಸೂಪಿನ ಆಸೆಗಲ್ಲ.

ಮೂಲೆಯಲ್ಲಿ ಕಮಿಟಿಯವರು ತಲೆ ತಲೆ ಸೇರಿಸಿ ಕೂತಿದ್ದರು. ನಿನಿಯನ್ ಅವರ ಮೇಜಿಗೆ ಬಂದಾಗ ಸೌಟು ವಾಲಿ ಮೇಷ್ಟ್ರ ತೊಡೆಯ ಮೇಲೆ ಒಂದಿಷ್ಟು ಸೂಪು ಬಿತ್ತು.

"ಇನ್ಮೇಲೆ ಮೈದಾನದ ಮೌಡಿಗಳೆಲ್ಲ ಎಪ್ಪಿ ಪಾಲು," ಎಂದರು ಮೇಷ್ಟ್ರು, ಒರೆಸಿಕೊಳ್ಳುತ್ತ. "ಆ ವಿಷಯದಲ್ಲಿ ಅವಳು ಹೇಳಿದಂತೆ ಕೇಳ್ಬೇಕು."

"ಹುಲ್ಲು?"

"ಹುಲ್ಲು ನಿಂದೇ. ಒಂದು ಗ್ರೀನಿಗೋಸ್ಕರ ಹೆಣದ ತಲೆ ಬಾಚೋನು ಆ ಕಂಪನೀಲಿ ಯಾರಿದ್ದಾರೆ?"

ನಿನಿಯನ್ ಅಡುಗೆಮನೆಗೆ ಹೋಗಿ, ನೇರಳೆ ಹೂವಿನ ಅಂಚಿನಲ್ಲಿ ಮುಖ ಒರೆಸಿಕೊಂಡು ಬಂದ.

ಸೋಮವಾರ ಬೆಳಿಗ್ಗೆ ಎಪ್ಪಿ ಬಂದಳು. ಗ್ರೀನನ್ನು ಮುಟ್ಟಲೇ ಇಲ್ಲ. ಬೇಲಿಯ ಪಕ್ಕದ ಒರಟು ಹುಲ್ಲಿನಲ್ಲಿ ಕೋಲಿನಿಂದ ಚುಚ್ಚುತ್ತ ಹೋಗಿ, ಕೋಲು ಸಲೀಸಾಗಿ ಇಳಿದ ಕಡೆ ನಿಂತಳು. ಅದು ಮೌಡಿ ದಿನವೂ ಓಡಾಡುವ ಹೆದ್ದಾರಿ. ಗುಡ್ಡೆ ಅದು ಕಸ ಎಸೆಯುವ ಜಾಗವಷ್ಟೆ. ಒಂದು ಹೆಂಟೆ ಕತ್ತರಿಸಿ ತೆಗೆದು, ಮನುಷ್ಯರ ವಾಸನೆ ಹೋಗಲೆಂದು ಕೈಗೆ ಮಣ್ಣು ಉಜ್ಜಿಕೊಂಡು, ಅಪ್ಪನ ತುಕ್ಕು ಹಿಡಿದ ಬೋನನ್ನು ನಿನಿಯನ್‌ಗೆ ಕೊಟ್ಟಳು.

"ನೀವೇ ಇಡಿ ಭಾವ."

ಅವನೂ ಕೈಗೆ ಮಣ್ಣು ಉಜ್ಜಿಕೊಂಡ. ಇಟ್ಟ. ಬೆಳಕು ಇಣುಕದಂತೆ ಹೆಂಟೆ ಮುಚ್ಚಿದ. ಇಷ್ಟು ವರ್ಷ ಎದೆಯಲ್ಲಿ ಚುಚ್ಚುತ್ತಿದ್ದದ್ದನ್ನು ಆಗ ಕೇಳಿದ.

"ಮಾವ ಇದನ್ನ ನನಗೆ ಯಾಕೆ ಕಲಿಸಲಿಲ್ಲ ಎಪ್ಪಿ? ನಾನು ಅಷ್ಟು ದಡ್ಡನಾ?"

"ದಡ್ಡ ಅಂತ ಅಪ್ಪ ಯಾವತ್ತೂ ಅಂದಿಲ್ಲ. ನಿಮ್ಮ ಕೈ ಬಂಗಾರ ಅಂತಿದ್ದ. ಆದರೆ ಮೌಡಿಗೆ ಮೇಲಿನ ಸಣ್ಣ ಅದುರಾಟಾನೂ ಗೊತ್ತಾಗುತ್ತೆ. ಬೋನು ಇಟ್ಟ ಮೇಲೆ ಬಾಯಿ ಮುಚ್ಕೊಂಡು ನಡೆದು ಹೋಗ್ಬೇಕು, ಅದೊಂದು ಅವನಿಗೆ ಬರಲ್ಲ ಅಂತಿದ್ದ."

ನಿನಿಯನ್‌ಗೆ ಅದಕ್ಕೊಂದು ಒಳ್ಳೆಯ ಉತ್ತರ ಹೊಳೆಯಿತು. ಬಾಯಿ ತೆರೆದ. ಕೆಳಗೆ ಬೋನಿತ್ತು, ಮಾವನ ಬೋನು, ತಾನೇ ಇಟ್ಟದ್ದು. ಬಾಯಿ ಮುಚ್ಚಿದ. ಮಾವನ ಬಿಗಿ ಬೂಟನ್ನು ಸದ್ದಾಗದಂತೆ ಎತ್ತಿಡುತ್ತ ಕ್ಲಬ್ಬಿನವರೆಗೂ ಒಂದು ಮಾತಾಡದೆ ನಡೆದ.